ಮೊದಲ ಸುತ್ತಲ್ಲಿ ಓಡುವವನೋ, ಹಿಡಿಯುವವನೋ?

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಋತು ಸೆಪ್ಟೆಂಬರ್‌ನಲ್ಲಿ ಶುರುವಾಗುತ್ತದೆ. ಅದರ ಆಟಗಾರರನ್ನಿಟ್ಟುಕೊಂಡು ನಾವು ಕಟ್ಟುವ ಫ್ಯಾಂಟಸಿ ಲೀಗ್‌ಗಳ ಡ್ರಾಫ್ಟ್ (ಸರದಿಯಂತೆ ಆಟಗಾರರನ್ನು ಆರಿಸುವುದು) ಭರಾಟೆ ಅದಕ್ಕೂ ಮುಂಚೆ, ಆಗಸ್ಟ್ ಕೊನೆಯಲ್ಲಿ. ಬಂದ ಪ್ರಶ್ನೆಗಳಲ್ಲಿ ಬಹುಪಾಲು ರನ್ನಿಂಗ್ ಬ್ಯಾಕ್ ಮತ್ತು ವೈಡ್ ರಿಸೀವರ್ ಸುತ್ತಲೇ ಇವೆ. ಒಂದೇ ಥರದವನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಆಫೀಸಿನ ಅಮೆರಿಕದ ಸಹೋದ್ಯೋಗಿಗಳು ತಮ್ಮ ಲೀಗ್‌ಗೆ ಸೇರಿಸಿಕೊಂಡಿದ್ದಾರೆ. ಕ್ರಿಕೆಟ್ ಫ್ಯಾಂಟಸಿ ಆಡಿ ಗೊತ್ತು. ಇದೂ ಹಾಗೆಯೇ? ಈ ಇಬ್ಬರು ಆಟಗಾರರ ಕೆಲಸ ಏನು? (ವೈಟ್‌ಫೀಲ್ಡ್, ಬೆಂಗಳೂರು)

ಉತ್ತರ: ಹಾಗಲ್ಲ. ಕ್ರಿಕೆಟ್ ಆ್ಯಪ್‌ನಲ್ಲಿ ಒಬ್ಬನೇ ಬ್ಯಾಟರನ್ನು ಲಕ್ಷ ಜನ ಆರಿಸಬಹುದು. ಇಲ್ಲಿ ಒಬ್ಬರು ತೆಗೆದುಕೊಂಡ ಆಟಗಾರ, ಅವರಾಗಿ ಬಿಡುವವರೆಗೆ ಇಲ್ಲವೇ ಬೇರೆಯವನಿಗೆ ಬದಲಾಯಿಸಿಕೊಳ್ಳುವವರೆಗೆ, ಲೀಗ್‌ನ ಉಳಿದವರಿಗೆ ಸಿಗುವುದಿಲ್ಲ. ಹಾಗಾಗಿ ಸರದಿಯೇ ಎಲ್ಲ. ಹೆಚ್ಚಿನ ಲೀಗ್‌ಗಳಲ್ಲಿ ಸ್ನೇಕ್ ಡ್ರಾಫ್ಟ್ ಇರುತ್ತದೆ: 12 ತಂಡಗಳಿದ್ದರೆ ಮೊದಲ ಸುತ್ತು 1ರಿಂದ 12, ಎರಡನೆಯದು 12ರಿಂದ 1. ಒಂದನೇ ಸರದಿಯವರಿಗೆ ಮುಂದಿನ ಅವಕಾಶ 24ನೇ ಆಯ್ಕೆಯಲ್ಲಿ, ಕೂಡಲೇ 25ರಲ್ಲಿ ಇನ್ನೊಂದು.

ರನ್ನಿಂಗ್ ಬ್ಯಾಕ್, ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಕೈಯಿಂದ ಚೆಂಡು ಪಡೆದು ಎದುರಾಳಿಗಳ ನಡುವೆ ನುಗ್ಗುತ್ತಾನೆ. ವೈಡ್ ರಿಸೀವರ್ ಅಂಚಿನಿಂದ ಓಡಿ, ಎಸೆದ ಚೆಂಡನ್ನು ಹಿಡಿಯುತ್ತಾನೆ. ಇಬ್ಬರಿಗೂ 10 ಯಾರ್ಡ್‌ಗೆ 1 ಅಂಕ, ಟಚ್‌ಡೌನ್‌ಗೆ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿದರೆ) 6. ಚೆಂಡು ಕೈಬಿಟ್ಟು ಎದುರಾಳಿಗೆ ಹೋದರೆ 2 ಕಡಿತ. ಕ್ಯಾಚ್‌ಗೆ ಅಂಕ ಉಂಟೇ, ಎಷ್ಟು ಎಂಬುದು ಲೀಗ್‌ನಿಂದ ಲೀಗ್‌ಗೆ ಬೇರೆ.

ಒಂದು ಮಾತು: ಅಲ್ಲಿನವರು ತಲೆಗಿಷ್ಟು ಡಾಲರ್ ಹಾಕಿ ಆಡುತ್ತಿರಬಹುದು. ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರ ಕಾನೂನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಯಾಹೂ, ಇಎಸ್‌ಪಿಎನ್‌ಗಳಲ್ಲಿ ಉಚಿತ ಲೀಗ್ ಇದೆ, ಹಣವಿಲ್ಲದೆ ಸೇರಿಕೊಳ್ಳಿ.

ಪ್ರಶ್ನೆ: ಒಂದೇ ಆಟಗಾರನನ್ನು ಒಂದು ರ‍್ಯಾಂಕಿಂಗ್ ಪಟ್ಟಿ ಮೂರನೇ ಸ್ಥಾನದಲ್ಲಿ, ಇನ್ನೊಂದು ಹನ್ನೊಂದನೇ ಸ್ಥಾನದಲ್ಲಿ ಇಡುತ್ತದೆ. ಯಾವುದನ್ನು ನಂಬುವುದು? (ಫ್ರಿಸ್ಕೊ, ಟೆಕ್ಸಸ್)

ಉತ್ತರ: ಎರಡೂ ಸರಿ ಇರಬಹುದು. ಒಂದು ಪಿಪಿಆರ್ ಪಟ್ಟಿ, ಇನ್ನೊಂದು ಅಲ್ಲ, ಅಷ್ಟೆ. ಪ್ರತಿ ಕ್ಯಾಚ್‌ಗೆ 1 ಅಂಕ ಕೊಟ್ಟರೆ ಪಿಪಿಆರ್ (ಪಾಯಿಂಟ್ ಪರ್ ರಿಸೆಪ್ಷನ್), ಅರ್ಧ ಕೊಟ್ಟರೆ ಹಾಫ್ ಪಿಪಿಆರ್, ಏನೂ ಇಲ್ಲದಿದ್ದರೆ ಸ್ಟ್ಯಾಂಡರ್ಡ್. ಇದು ಎಷ್ಟು ಏರುಪೇರು ಮಾಡುತ್ತದೆಂದು 2020ರ ಲೆಕ್ಕದಲ್ಲೇ ನೋಡಿ.

ಟೆನೆಸಿ ತಂಡದ ರನ್ನಿಂಗ್ ಬ್ಯಾಕ್ ಡೆರಿಕ್ ಹೆನ್ರಿ ಆ ವರ್ಷ ಓಡಿದ್ದು 2,027 ಯಾರ್ಡ್. ಜೊತೆಗೆ 19 ಕ್ಯಾಚ್‌ನಿಂದ 114 ಯಾರ್ಡ್, ಒಟ್ಟು 17 ಟಚ್‌ಡೌನ್. ಗ್ರೀನ್ ಬೇ ತಂಡದ ರಿಸೀವರ್ ಡವಾಂಟೆ ಆಡಮ್ಸ್‌ನದು 115 ಕ್ಯಾಚ್, 1,374 ಯಾರ್ಡ್, 18 ಟಚ್‌ಡೌನ್. ಕಡಿತಗಳನ್ನು ಬಿಟ್ಟು ಕೂಡಿದರೆ ಸ್ಟ್ಯಾಂಡರ್ಡ್‌ನಲ್ಲಿ ಹೆನ್ರಿಗೆ 316.1, ಆಡಮ್ಸ್‌ಗೆ 245.4. ಎಪ್ಪತ್ತು ಅಂಕದ ಅಂತರ. ಹಾಫ್ ಪಿಪಿಆರ್‌ಗೆ ಬಂದರೆ 325.6 ಮತ್ತು 302.9. ಪೂರ್ತಿ ಪಿಪಿಆರ್‌ನಲ್ಲಿ ತಕ್ಕಡಿ ಆಡಮ್ಸ್ ಕಡೆಗೇ ವಾಲುತ್ತದೆ: ಹೆನ್ರಿ 335.1, ಆಡಮ್ಸ್ 360.4. ಅದೂ ಆಡಮ್ಸ್ ಆಡಿದ್ದು 14 ಪಂದ್ಯ, ಹೆನ್ರಿ 16.

ಹಾಗೆಂದು ಪಿಪಿಆರ್ ಅಂದರೆ ರಿಸೀವರ್ ಎಂದು ಉರು ಹೊಡೆಯಬೇಡಿ. ಕ್ಯಾಚ್ ಹಿಡಿಯುವ ರನ್ನಿಂಗ್ ಬ್ಯಾಕ್ ಎಂಬ ಮೂರನೇ ಜಾತಿ ಇದೆ. ಕ್ರಿಶ್ಚಿಯನ್ ಮೆಕ್ಯಾಫ್ರಿ 2019ರಲ್ಲಿ ಓಡಿ 1,387 ಯಾರ್ಡ್, 116 ಕ್ಯಾಚ್ ಹಿಡಿದು 1,005 ಯಾರ್ಡ್ ಗಳಿಸಿದ. ಆಸ್ಟಿನ್ ಎಕ್ಲರ್ 2022ರಲ್ಲಿ 107 ಕ್ಯಾಚ್ ಹಿಡಿದ. ನಾಲ್ಕು ಯಾರ್ಡ್ ಓಡಿದರೆ 0.4 ಅಂಕ, ಆರು ಯಾರ್ಡ್‌ನ ಪುಟ್ಟ ಪಾಸ್ ಹಿಡಿದರೆ ಪಿಪಿಆರ್‌ನಲ್ಲಿ 1.6. ಹಾಗಾಗಿ ರನ್ನಿಂಗ್ ಬ್ಯಾಕ್‌ನನ್ನು ತೂಗುವಾಗ ಎಷ್ಟು ಸಲ ಓಡಿದ ಎಂಬುದಕ್ಕಿಂತ ಮೊದಲು ಅವನ ಕಡೆಗೆ ಎಷ್ಟು ಪಾಸ್ ಎಸೆದರು ಎಂದು ನೋಡಿ.

ಪಟ್ಟಿ ಮುದ್ರಿಸಿಕೊಳ್ಳುವ ಮೊದಲು ಲೀಗ್‌ನ ಸೆಟ್ಟಿಂಗ್ಸ್ ಪುಟ ತೆರೆದು ಎರಡು ಸಾಲು ಓದಿ: ಕ್ಯಾಚ್‌ಗೆ ಎಷ್ಟು ಅಂಕ, ಎಷ್ಟು ರಿಸೀವರ್‌ಗಳನ್ನು ಕಣಕ್ಕಿಳಿಸಬೇಕು. ಎರಡನೆಯದನ್ನು ಓದುವವರು ಕಡಿಮೆ, ಮುಂದಿನ ಉತ್ತರದ ತಿರುಳೇ ಅದು.

ಪ್ರಶ್ನೆ: 12 ತಂಡಗಳ ಪಿಪಿಆರ್ ಲೀಗ್. ನನ್ನದು 6ನೇ ಸರದಿ. ಹೆಚ್ಚುಕಮ್ಮಿ ಒಂದೇ ಮಟ್ಟದ ಒಬ್ಬ ರನ್ನಿಂಗ್ ಬ್ಯಾಕ್, ಒಬ್ಬ ರಿಸೀವರ್ ಉಳಿದಿದ್ದರೆ ಯಾರನ್ನು ತೆಗೆದುಕೊಳ್ಳಲಿ? (ಎಡಿಸನ್, ನ್ಯೂಜೆರ್ಸಿ)

ಉತ್ತರ: ಇಬ್ಬರ ಅಂಕಗಳನ್ನು ನೇರವಾಗಿ ಹೋಲಿಸಬೇಡಿ. ಕಣಕ್ಕಿಳಿಯುವ ಕೊನೆಯ ಆಟಗಾರನಿಗಿಂತ ಅವನು ಎಷ್ಟು ಮೇಲಿದ್ದಾನೆ ಎಂದು ಹೋಲಿಸಿ.

ನಿಮ್ಮ ಲೀಗ್‌ನಲ್ಲಿ 2 ರನ್ನಿಂಗ್ ಬ್ಯಾಕ್, 3 ರಿಸೀವರ್ ಇಳಿಸಬೇಕು ಎನ್ನೋಣ. ಅಂದರೆ ವಾರಕ್ಕೆ 24 ರನ್ನಿಂಗ್ ಬ್ಯಾಕ್, 36 ರಿಸೀವರ್ ಬೇಕು. ಲೆಕ್ಕ ತೋರಿಸಲಿಕ್ಕೆಂದೇ ಕೆಲವು ಅಂಕಿ ಇಟ್ಟುಕೊಳ್ಳೋಣ. ನಿಮ್ಮೆದುರಿನ ರನ್ನಿಂಗ್ ಬ್ಯಾಕ್‌ಗೆ ಋತುವಿನ ಅಂದಾಜು 290, 24ನೆಯವನಿಗೆ 160: ಲಾಭ 130. ರಿಸೀವರ್‌ಗೆ 310, 36ನೆಯವನಿಗೆ 170: ಲಾಭ 140. ರಿಸೀವರ್ ಗೆದ್ದ. ಈಗ ಅದೇ ಲೀಗ್ 2 ರಿಸೀವರ್ ಸಾಕು ಎಂದರೆ ಹೋಲಿಕೆ 24ನೇ ರಿಸೀವರ್ ಜೊತೆ. ಅವನ ಅಂದಾಜು 200 ಇದ್ದರೆ ಲಾಭ 110ಕ್ಕಿಳಿಯಿತು, ರನ್ನಿಂಗ್ ಬ್ಯಾಕ್ ಮುಂದೆ ಬಂದ. ಆಟಗಾರರು ಅವರೇ, ಅಂಕ ಅವೇ. ಫ್ಲೆಕ್ಸ್ ಸ್ಥಾನವಿದ್ದರೆ (ರನ್ನಿಂಗ್ ಬ್ಯಾಕ್, ರಿಸೀವರ್ ಯಾರನ್ನಾದರೂ ಇಡಬಹುದಾದ ಜಾಗ) ಇನ್ನೂ 12 ಮಂದಿ ಸೇರುತ್ತಾರೆ. ಪಿಪಿಆರ್‌ನಲ್ಲಿ ಹೆಚ್ಚಿನವರು ಅಲ್ಲಿ ರಿಸೀವರ್‌ನನ್ನೇ ಇಡುತ್ತಾರೆ, ಹಾಗಾಗಿ ರಿಸೀವರ್‌ಗಳ ಗಡಿ ಇನ್ನಷ್ಟು ಕೆಳಕ್ಕೆ ಜಾರುತ್ತದೆ.

ಇನ್ನೊಂದು ಲೆಕ್ಕ ಸರದಿಯದು. 6ರ ನಂತರ ನಿಮಗೆ ಸಿಗುವುದು 19, 30, 43. ಆರಕ್ಕೂ ಹತ್ತೊಂಬತ್ತಕ್ಕೂ ನಡುವೆ 12 ಆಟಗಾರರು ಖಾಲಿ. ಹಾಳೆಯ ಮೇಲೆ ಎರಡೂ ಸ್ಥಾನಗಳ ಹೆಸರನ್ನು ಅಂದಾಜು ಅಂಕದ ಕ್ರಮದಲ್ಲಿ ಬರೆಯಿರಿ. ಒಬ್ಬನಿಂದ ಮುಂದಿನವನಿಗೆ ದೊಡ್ಡ ಕುಸಿತ ಕಂಡಲ್ಲಿ ಅಡ್ಡಗೆರೆ ಎಳೆಯಿರಿ. ಗೆರೆಯ ಮೇಲೆ ರಿಸೀವರ್‌ಗಳು ಒಂಬತ್ತು ಮಂದಿ ಉಳಿದಿದ್ದು ರನ್ನಿಂಗ್ ಬ್ಯಾಕ್ ಇಬ್ಬರೇ ಇದ್ದರೆ, ಈಗಲೇ ರನ್ನಿಂಗ್ ಬ್ಯಾಕ್ ತೆಗೆದುಕೊಳ್ಳಿ. ಹನ್ನೆರಡು ಆಯ್ಕೆ ಕಳೆದರೂ ಆ ಒಂಬತ್ತರಲ್ಲಿ ಒಬ್ಬಿಬ್ಬರು ನಿಮ್ಮವರೆಗೆ ಬರುವ ಸಂಭವ ಉಂಟು, ಆ ಇಬ್ಬರು ಬರುವುದಿಲ್ಲ. ಡ್ರಾಫ್ಟ್‌ನಲ್ಲಿ ಒಂದು ಆಯ್ಕೆಗೆ ಸಾಮಾನ್ಯವಾಗಿ 60 ಇಲ್ಲವೇ 90 ಸೆಕೆಂಡ್. ಗೆರೆ ಮೊದಲೇ ಎಳೆದಿಟ್ಟಿರದಿದ್ದರೆ ಆ ಹೊತ್ತಿನಲ್ಲಿ ಪರದೆಯ ಮೇಲಿನ ಮೊದಲ ಹೆಸರನ್ನು ಒತ್ತಿಬಿಡುವುದೇ ಆಗುತ್ತದೆ.

ಇಷ್ಟಾದರೂ ಸಮ ಬಂದರೆ? ಪಿಪಿಆರ್, 3 ರಿಸೀವರ್: ರಿಸೀವರ್. ಸ್ಟ್ಯಾಂಡರ್ಡ್, 2 ರಿಸೀವರ್: ರನ್ನಿಂಗ್ ಬ್ಯಾಕ್. ಹಾಫ್ ಪಿಪಿಆರ್‌ನಲ್ಲಿ ನಮ್ಮ ಒಲವು ಪಾಸ್ ಹಿಡಿಯುವ ರನ್ನಿಂಗ್ ಬ್ಯಾಕ್ ಕಡೆಗೆ.

ಪ್ರಶ್ನೆ: ರನ್ನಿಂಗ್ ಬ್ಯಾಕ್‌ಗಳು ಗಾಯಗೊಳ್ಳುವುದೇ ಹೆಚ್ಚು, ಮೊದಲ ಐದಾರು ಸುತ್ತು ಅವರನ್ನು ಮುಟ್ಟಲೇಬೇಡ ಎನ್ನುತ್ತಾರೆ ಗೆಳೆಯರು. ಈ ಜೀರೋ ಆರ್‌ಬಿ (ಆರ್‌ಬಿ ಎಂದರೆ ರನ್ನಿಂಗ್ ಬ್ಯಾಕ್) ತಂತ್ರ ನಡೆಯುತ್ತದೆಯೇ? (ಸ್ಯಾನ್ ಹೊಸೆ, ಕ್ಯಾಲಿಫೋರ್ನಿಯಾ)

ಉತ್ತರ: ನಡೆಯುತ್ತದೆ, ಎಲ್ಲ ಕಡೆ ಅಲ್ಲ.

ಗಾಯದ ಮಾತು ನಿಜ. 2024ರಲ್ಲಿ ಬಹುತೇಕ ಪಟ್ಟಿಗಳ ಮೊದಲ ಹೆಸರು ಮೆಕ್ಯಾಫ್ರಿ. ಆಡಿದ್ದು ನಾಲ್ಕೇ ಪಂದ್ಯ. ಆದರೆ ತಂತ್ರದ ನಿಜವಾದ ಬಲ ಗಾಯದಲ್ಲಿಲ್ಲ, ಗಾಯದ ನಂತರ ಏನಾಗುತ್ತದೆ ಎಂಬುದರಲ್ಲಿದೆ. ಮುಖ್ಯ ರನ್ನಿಂಗ್ ಬ್ಯಾಕ್ ಬಿದ್ದರೆ ಅವನ ಓಟದ ಹೆಚ್ಚಿನ ಪಾಲು ಬದಲಿಗನೊಬ್ಬನಿಗೇ ಹೋಗುತ್ತದೆ. ಮುಖ್ಯ ರಿಸೀವರ್ ಬಿದ್ದರೆ ಅವನಿಗೆ ಬರುತ್ತಿದ್ದ ಪಾಸ್‌ಗಳು ಮೂರ್ನಾಲ್ಕು ಜನರಿಗೆ ಹಂಚಿಹೋಗುತ್ತವೆ. ಹೀಗಾಗಿ ಋತುವಿನ ನಡುವೆ ವೇವರ್‌ನಲ್ಲಿ (ಯಾರ ತಂಡದಲ್ಲೂ ಇಲ್ಲದವರನ್ನು ಪಡೆಯುವ ವ್ಯವಸ್ಥೆ) ಒಳ್ಳೆಯ ರನ್ನಿಂಗ್ ಬ್ಯಾಕ್ ಸಿಗುವಷ್ಟು ಸುಲಭಕ್ಕೆ ಒಳ್ಳೆಯ ರಿಸೀವರ್ ಸಿಗುವುದಿಲ್ಲ. 2023ರಲ್ಲಿ ಹೆಚ್ಚಿನ ಲೀಗ್‌ಗಳಲ್ಲಿ ಯಾರೂ ಆರಿಸದೆ ಬಿಟ್ಟಿದ್ದ ರ‍್ಯಾಮ್ಸ್ ತಂಡದ ಕೈರನ್ ವಿಲಿಯಮ್ಸ್ 12 ಪಂದ್ಯದಲ್ಲಿ 1,144 ಯಾರ್ಡ್ ಓಡಿ 12 ಟಚ್‌ಡೌನ್ ಗಳಿಸಿದ. ಮಜಾ ಎಂದರೆ ಅದೇ ವರ್ಷ, ಅದೇ ತಂಡದ ಹೊಸ ರಿಸೀವರ್ ಪುಕಾ ನಕುವಾ 105 ಕ್ಯಾಚ್, 1,486 ಯಾರ್ಡ್ ಮಾಡಿ ಈ ವಾದಕ್ಕೆ ಅಪವಾದವೂ ಆದ. ಅಂಥವರು ಅಪರೂಪ.

ಎಡವುವುದು ಎಲ್ಲಿ? ಮೊದಲನೆಯದು ಲೀಗ್‌ನ ಆಕಾರ. ಸ್ಟ್ಯಾಂಡರ್ಡ್ ಅಂಕ, 2 ರಿಸೀವರ್, ನಾಲ್ಕೈದು ಜಾಗದ ಬೆಂಚ್ ಇರುವಲ್ಲಿ ಇದನ್ನು ಮಾಡಬೇಡಿ. ಕಾಯ್ದಿಡಲು ಜಾಗವೇ ಇರುವುದಿಲ್ಲ. ಎರಡನೆಯದು ಕೈಕಟ್ಟಿ ಕೂರುವುದು. ಆರನೇ ಸುತ್ತಿನ ನಂತರ ಸಾಲಾಗಿ ನಾಲ್ಕೈದು ರನ್ನಿಂಗ್ ಬ್ಯಾಕ್ ಎತ್ತಲೇಬೇಕು: ಮೂರನೇ ಡೌನ್‌ನಲ್ಲಿ (10 ಯಾರ್ಡ್ ದಾಟಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು) ಪಾಸ್ ಹಿಡಿಯುವ ಒಬ್ಬಿಬ್ಬರು ಮೊದಲ ವಾರಗಳ ಹೊಟ್ಟೆಪಾಡಿಗೆ, ಉಳಿದವರು ಬಲಿಷ್ಠ ತಂಡಗಳ ಎರಡನೇ ಆಳುಗಳು. ಮೂರನೆಯದು ವೇವರ್ ಹಣ, ಅಂದರೆ ವೇವರ್‌ನ ಆಟಗಾರರಿಗೆ ಬಿಡ್ ಕೂಗಲು ಕೊಡುವ ಆಟದ ದುಡ್ಡು. ಇಡೀ ಋತುವಿಗೆ 100 ಆಟದ ಡಾಲರ್ ಇರುವ ಲೀಗ್‌ನಲ್ಲಿ ಒಂದು ವಾರದ ತೇಪೆಗೆ 3ರಿಂದ 5 ಸಾಕು. ಮುಖ್ಯ ಆಟಗಾರ ಋತುವಿಡೀ ಹೊರಬಿದ್ದು ಬದಲಿಗನಿಗೆ ಪಂದ್ಯಕ್ಕೆ 15 ಸಲ ಚೆಂಡು ಸಿಗುವ ಹಾಗಿದ್ದರೆ 50 ಹಾಕಲು ಹಿಂಜರಿಯಬೇಡಿ. ಸೆಪ್ಟೆಂಬರ್‌ನಲ್ಲೇ ಚಿಲ್ಲರೆ ಚಿಲ್ಲರೆಯಾಗಿ ಕಳೆದುಕೊಂಡವರಿಗೆ ಅಕ್ಟೋಬರ್‌ನಲ್ಲಿ ಅಂಥವನು ಬಂದಾಗ ಕೈ ಖಾಲಿ.

ಹೊಸಬರಿಗೆ ನಾವು ಹೇಳುವುದು ನಡುದಾರಿ: ಮೊದಲೆರಡು ಸುತ್ತಿನಲ್ಲಿ ಗಟ್ಟಿ ರನ್ನಿಂಗ್ ಬ್ಯಾಕ್ ಒಬ್ಬ, ಆಮೇಲೆ ಆರನೇ ಸುತ್ತಿನವರೆಗೆ ಹೆಚ್ಚಾಗಿ ರಿಸೀವರ್‌ಗಳು. ಇದನ್ನು ಹೀರೋ ಆರ್‌ಬಿ ಎನ್ನುತ್ತಾರೆ.

ಪ್ರಶ್ನೆ: ಒಂದೇ ತಂಡದಲ್ಲಿ ಇಬ್ಬರು ರನ್ನಿಂಗ್ ಬ್ಯಾಕ್ ಇದ್ದರೆ ಇಬ್ಬರನ್ನೂ ದೂರವಿಡಬೇಕೇ? (ಮೈಸೂರು)

ಉತ್ತರ: ಬೇಕಿಲ್ಲ. ಡೆಟ್ರಾಯ್ಟ್‌ನಲ್ಲಿ 2023ರಲ್ಲಿ ಡೇವಿಡ್ ಮಾಂಟ್ಗೊಮರಿ 1,015 ಯಾರ್ಡ್ ಓಡಿ 13 ಟಚ್‌ಡೌನ್, ಜಮೀರ್ ಗಿಬ್ಸ್ 945 ಯಾರ್ಡ್ ಓಡಿ 10 ಟಚ್‌ಡೌನ್ ಗಳಿಸಿದರು. ತಂಡ ಚೆನ್ನಾಗಿ ಅಂಕ ಗಳಿಸುತ್ತಿದ್ದರೆ ಇಬ್ಬರಿಗೂ ಊಟ ಸಿಗುತ್ತದೆ. ಪಾಲು ಹಂಚಿಕೆಗಿಂತ ಹೆಚ್ಚು ಕಾಡುವುದು ಗೋಲ್ ಗೆರೆಯ ಬಳಿ ಚೆಂಡು ಯಾರ ಕೈಗೆ ಎಂಬುದು. ಫಿಲಡೆಲ್ಫಿಯಾದ ಡಿಆಂಡ್ರೆ ಸ್ವಿಫ್ಟ್ ಅದೇ ವರ್ಷ 1,049 ಯಾರ್ಡ್ ಓಡಿದರೂ ಓಟದ ಟಚ್‌ಡೌನ್ ಐದೇ, ಏಕೆಂದರೆ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ತಾನೇ ನುಗ್ಗಿ 15 ಗಳಿಸಿದ. ಆದ್ದರಿಂದ ನೋಡಬೇಕಾದ ಅಂಕಿ ಮೂರು: ಕೊನೆಯ 5 ಯಾರ್ಡ್‌ನೊಳಗಿನ ಓಟ ಎಷ್ಟು, ತಂಡದ ಒಟ್ಟು ಸ್ನ್ಯಾಪ್‌ಗಳಲ್ಲಿ (ಚೆಂಡು ಆಟಕ್ಕೆ ಬಂದ ಸಲಗಳಲ್ಲಿ) ಅವನು ಮೈದಾನದಲ್ಲಿದ್ದದ್ದು ಎಷ್ಟು, ಅವನತ್ತ ಬಂದ ಪಾಸ್ ಎಷ್ಟು.

ಪ್ರಶ್ನೆ: ನನ್ನ ಮುಖ್ಯ ರನ್ನಿಂಗ್ ಬ್ಯಾಕ್‌ನ ಬದಲಿಗನನ್ನೂ ಇಟ್ಟುಕೊಳ್ಳಬೇಕೇ? (ಚಿಕಾಗೊ)

ಉತ್ತರ: ಹ್ಯಾಂಡ್‌ಕಫ್ ಎನ್ನುವುದು ಇದನ್ನೇ. 2018ರಲ್ಲಿ ಪಿಟ್ಸ್‌ಬರ್ಗ್‌ನ ಲೆವಿಯಾನ್ ಬೆಲ್ ಒಪ್ಪಂದದ ಜಗಳದಲ್ಲಿ ಇಡೀ ಋತು ಆಡಲೇ ಇಲ್ಲ. ಬದಲಿಗ ಜೇಮ್ಸ್ ಕಾನರ್ 13 ಪಂದ್ಯದಲ್ಲಿ 973 ಯಾರ್ಡ್ ಓಡಿ 12 ಟಚ್‌ಡೌನ್ ಗಳಿಸಿದ. ಆದರೂ ಲೆಕ್ಕ ಹಾಕಿದರೆ ಬೇರೆಯವರ ಬದಲಿಗನನ್ನು ಇಟ್ಟುಕೊಳ್ಳುವುದೇ ಲಾಭ. ನಿಮ್ಮವನು ಗಾಯಗೊಂಡು ನಿಮ್ಮದೇ ಬದಲಿಗ ಬಂದರೆ ಕಳೆದುಕೊಂಡದ್ದರಲ್ಲಿ ಒಂದಿಷ್ಟು ತುಂಬಿಕೊಂಡಂತೆ, ಅಷ್ಟೆ. ಎದುರಾಳಿಯ ಆಟಗಾರ ಗಾಯಗೊಂಡು ಅವನ ಬದಲಿಗ ನಿಮ್ಮ ಬೆಂಚಿನಲ್ಲಿದ್ದರೆ ಹೊಸದಾಗಿ ಒಬ್ಬ ಸಿಕ್ಕಂತೆ. ಎಲ್ಲಕ್ಕಿಂತ ಮುಖ್ಯ, ಮೂವರು ಹಂಚಿಕೊಳ್ಳುವ ತಂಡದಲ್ಲಿ ಹ್ಯಾಂಡ್‌ಕಫ್ ಹುಡುಕಬೇಡಿ.

ಪ್ರಶ್ನೆ: 30 ದಾಟಿದ ರನ್ನಿಂಗ್ ಬ್ಯಾಕ್ ಬೇಡವೇ ಬೇಡ ಎಂಬುದು ಸರಿಯೇ? (ಹುಬ್ಬಳ್ಳಿ)

ಉತ್ತರ: ಸಾಮಾನ್ಯವಾಗಿ ಸರಿ, 27-28ರ ನಂತರ ಇಳಿಮುಖ ಕಾಣುತ್ತದೆ. ಆದರೆ ಹೆನ್ರಿ 2024ರಲ್ಲಿ, 30ರ ವಯಸ್ಸಿನಲ್ಲಿ, ಬಾಲ್ಟಿಮೋರ್ ಪರ 1,921 ಯಾರ್ಡ್ ಓಡಿದ. ವಯಸ್ಸನ್ನು ಸಮಬಲ ಮುರಿಯಲು ಬಳಸಿ, ಪಟ್ಟಿಯಿಂದ ಹೆಸರು ಹೊಡೆದುಹಾಕಲು ಅಲ್ಲ. ರಿಸೀವರ್‌ಗಳಿಗೆ ಇನ್ನೂ ಎರಡು ಮೂರು ವರ್ಷ ಸಡಿಲ ಕೊಡಬಹುದು.

ಪ್ರಶ್ನೆ: ಫ್ಲೆಕ್ಸ್‌ನಲ್ಲಿ ಯಾರು? ಭಾರತದಿಂದ ಆಡುವವರು ತಂಡವನ್ನು ಯಾವಾಗ ಅಂತಿಮಗೊಳಿಸಬೇಕು? (ಮಂಗಳೂರು)

ಉತ್ತರ: ಯಾರು ಎನ್ನುವುದಕ್ಕಿಂತ ಯಾವ ಪಂದ್ಯದವನು ಎನ್ನುವುದನ್ನು ನೋಡಿ. ಗುರುವಾರ ರಾತ್ರಿಯ ಪಂದ್ಯದ ಆಟಗಾರನನ್ನು ಎಂದೂ ಫ್ಲೆಕ್ಸ್‌ನಲ್ಲಿ ಇಡಬೇಡಿ, ಅವನದೇ ಸ್ಥಾನದಲ್ಲಿ ಇಡಿ. ಫ್ಲೆಕ್ಸ್‌ಗೆ ರನ್ನಿಂಗ್ ಬ್ಯಾಕ್, ರಿಸೀವರ್, ಟೈಟ್ ಎಂಡ್ (ಎದುರಾಳಿಯನ್ನು ತಡೆಯುವ, ಪಾಸ್ ಹಿಡಿಯುವ ಎರಡೂ ಕೆಲಸದವ) ಯಾರಾದರೂ ಆದೀತು. ಅದರಲ್ಲಿ ಕೊನೆಗೆ ಆಡುವವನು ಇದ್ದರೆ, ಭಾನುವಾರ ಯಾರಾದರೂ ಕೈಕೊಟ್ಟಾಗ ಬೆಂಚಿನಿಂದ ಯಾವ ಸ್ಥಾನದವನನ್ನಾದರೂ ತರಬಹುದು.

ಸಮಯ ಹೀಗೆ: ಭಾನುವಾರದ ಮೊದಲ ಪಂದ್ಯಗಳು ನ್ಯೂಯಾರ್ಕ್‌ನ ಮಧ್ಯಾಹ್ನ 1ಕ್ಕೆ, ನಮ್ಮಲ್ಲಿ ರಾತ್ರಿ 10.30. ಆಡದವರ ಪಟ್ಟಿ ಪಂದ್ಯಕ್ಕೆ 90 ನಿಮಿಷ ಮುಂಚೆ ಬರುತ್ತದೆ, ಅಂದರೆ ರಾತ್ರಿ 9ಕ್ಕೆ. ಊಟ ಮುಗಿಸಿ ಒಮ್ಮೆ ನೋಡಿದರೆ ಸಾಕು. ಗುರುವಾರದ ಪಂದ್ಯ ಮಾತ್ರ ನಮ್ಮ ಶುಕ್ರವಾರ ನಸುಕಿನ 5.45ಕ್ಕೆ, ಅದರ ಪಟ್ಟಿಗೆ 4.15ಕ್ಕೆ ಏಳುವ ಬದಲು, ‘ಕ್ವೆಶ್ಚನಬಲ್’ (ಆಡುವುದು ಅನುಮಾನ) ಎಂದಿರುವವನನ್ನು ಹಿಂದಿನ ರಾತ್ರಿಯೇ ಬೆಂಚಿಗೆ ಕಳಿಸಿ ಮಲಗಿ. ನವೆಂಬರ್‌ನ ಮೊದಲ ಭಾನುವಾರ ಅಮೆರಿಕದ ಗಡಿಯಾರ ಹಿಂದೆ ಸರಿಯುತ್ತದೆ, ಅಲ್ಲಿಂದ ಎಲ್ಲಕ್ಕೂ ಒಂದು ಗಂಟೆ ಸೇರಿಸಿಕೊಳ್ಳಿ.