ಮೊದಮೊದಲ ಗಾಥಿಕ್ ಕತೆಗಳಲ್ಲಿ, ಅಂದರೆ ದೆವ್ವ ಶಾಪಗಳ ಭಯ ಹುಟ್ಟಿಸುವ ಇಂಗ್ಲಿಷ್ ಕತೆಗಳಲ್ಲಿ, ಕೆಲವು ಇಂಗ್ಲೆಂಡ್ ಬಿಟ್ಟು ಇಟಲಿಯ ಹಳೇ ಕೋಟೆಗಳಲ್ಲಿ ಯಾಕೆ ನಡೆಯುತ್ತವೆ?

ದೆವ್ವದ ಕತೆಯನ್ನು ಓದುಗರು ಒಪ್ಪಬೇಕಾದರೆ ಅದು ದೂರದ ಊರಲ್ಲಿ, ಹಳೇ ಕಾಲದಲ್ಲಿ ನಡೆಯಬೇಕಿತ್ತು, ಅದಕ್ಕೆ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಓದು ಬಲ್ಲವರು ತರ್ಕವನ್ನೇ ಜಾಸ್ತಿ ನಂಬುತ್ತಿದ್ದರು, ದೆವ್ವ ಶಾಪ ಎಲ್ಲ ಮೂಢನಂಬಿಕೆ ಎನ್ನುತ್ತಿದ್ದರು. ಆದರೆ ಭಯಪಡುವ ಆಸೆ ಹೋಗಿರಲಿಲ್ಲ, ಅಲ್ವಾ? ಕ್ಯಾಥೊಲಿಕ್ ಇಟಲಿಯಲ್ಲಿ ಹಿಂದೆ ಯಾವಾಗಲೋ ಹೀಗಾಯಿತು ಎಂದರೆ ಆ ಪ್ರಾಟೆಸ್ಟೆಂಟ್ ಓದುಗರಿಗೆ ಒಪ್ಪಿಗೆಯಾಗುತ್ತಿತ್ತು.

ಇಂಗ್ಲಿಷ್ ಲೇಖಕ ಹೊರೇಸ್ ವಾಲ್‌ಪೋಲ್ 1764ರ ಕೊನೆಯಲ್ಲಿ ಮೊದಲ ಗಾಥಿಕ್ ಕಾದಂಬರಿ ಎನಿಸಿಕೊಂಡ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ತಂದಾಗ ತನ್ನ ಹೆಸರನ್ನೇ ಹಾಕಲಿಲ್ಲ, ಹಳೇ ಇಟಾಲಿಯನ್ ಪುಸ್ತಕವೊಂದರ ಅನುವಾದ ಎಂದುಬಿಟ್ಟ. ಅದು ಗೆದ್ದ ಮೇಲೆ, 1765ರ ಎರಡನೇ ಮುದ್ರಣದಲ್ಲಿ, ನಾನೇ ಬರೆದದ್ದು ಎಂದು ಒಪ್ಪಿಕೊಂಡ.

ಆಮೇಲೆ ಇಂಗ್ಲಿಷ್ ಲೇಖಕಿ ಆ್ಯನ್ ರಾಡ್‌ಕ್ಲಿಫ್ 'ದಿ ಮಿಸ್ಟರೀಸ್ ಆಫ್ ಉಡಾಲ್ಫೊ' ಎಂಬ 1794ರ ಕಾದಂಬರಿಯಲ್ಲಿ ಇಟಲಿಯ ಕೋಟೆ ಉಳಿಸಿಕೊಂಡಳು, ಆದರೆ ದೆವ್ವಗಳಿಗೆ ಕೊನೆಗೆ ಸಹಜ ಕಾರಣ ಕೊಟ್ಟಳು. 1818ರ ಕಾದಂಬರಿ 'ಫ್ರಾಂಕೆನ್‌ಸ್ಟೈನ್' ಹೊತ್ತಿಗೆ ಭಯ ಆ ಕಾಲದ ವಿಜ್ಞಾನದಿಂದಲೇ ಹುಟ್ಟತೊಡಗಿತ್ತು. ನನಗೆ ದೊಡ್ಡ ತಿರುವು ಅನಿಸುವುದು ಇದೇ.