ಖುಷಿಗೆ ಮೂರು, ಸಾರ್ಥಕಕ್ಕೆ ಎಂಟು

ಶಾರದಾ ಅಂತಿಟ್ಕೊಳ್ಳಿ. ನಿಜವಾದ ಹೆಸರಲ್ಲ, ಗುರುತು ಸಿಗೋ ವಿವರ ಎಲ್ಲ ಬದಲಾಯ್ಸಿದೀನಿ, ಅವರನ್ನ ಕೇಳ್ಕೊಂಡೇ ಬರೀತಿದೀನಿ. ವಯಸ್ಸು ನಲವತ್ತರ ಆಚೆ ಈಚೆ, ಮನೆ ರಾಜರಾಜೇಶ್ವರಿ ನಗರದಲ್ಲಿ. ಹದಿನಾಲ್ಕು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದು, ಅದನ್ನ ಬಿಟ್ಟು ಸ್ಪೆಷಲ್ ಎಜುಕೇಶನ್ ಓದ್ಕೊಂಡು, ಎರಡು ವರ್ಷದಿಂದ ಬಾಣಸವಾಡಿ ಕಡೆ ಒಂದು ಸ್ಕೂಲಲ್ಲಿ ಆಟಿಸಂ ಇರೋ ಮಕ್ಕಳಿಗೆ ಕಲಿಸ್ತಿದಾರೆ. ಸಂಬಳ ಮೊದಲಿನ ಕಾಲುಭಾಗಾನೂ ಇಲ್ಲ.

ಕೌನ್ಸೆಲಿಂಗ್‌ಗೆ ಅಂತ ನನ್ನ ಹತ್ರ ಬಂದು ಕೂತವರೇ ಕೇಳಿದ್ದು, "ಮೇಡಂ, ನಾನೇ ಇಷ್ಟಪಟ್ಟು ಸೇರ್ಕೊಂಡ ಕೆಲಸ, ಆದ್ರೂ ಖುಷಿ ಇಲ್ಲ ಅಂದ್ರೆ ತಪ್ಪು ಮಾಡಿದೀನಿ ಅಂತಾನೇ ಅಲ್ವಾ? ಮಾರ್ಚ್‌ಗೆ ಬಿಟ್ಬಿಡ್ಲಾ?"

ನನ್ನ ಹತ್ರ ಜಾಸ್ತಿ ಬರೋದು ಇದರ ಉಲ್ಟಾ ಕೇಸು. ಫ್ಲಾಟಿದೆ, ಕಾರಿದೆ, ವರ್ಷಕ್ಕೊಂದು ಟ್ರಿಪ್ ಇದೆ, ಆದ್ರೂ ಏನೋ ಖಾಲಿ ಖಾಲಿ ಅಂತ. ಶಾರದಾ ಅವರನ್ನ ನೋಡಿ ಡಿಪ್ರೆಶನ್ನೇ ಇರ್ಬೇಕು ಅಂದ್ಕೊಂಡು ಅದನ್ನ ಅಳೆಯೋ ಪಿಎಚ್‌ಕ್ಯೂ-9 ಫಾರಂ ಕೊಟ್ಟೆ, ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ, 10 ಮುಟ್ಟಿದ್ರೆ ನಾನು ಡಾಕ್ಟರ್ ಹತ್ರ ಕಳಿಸ್ತೀನಿ. ಇವರದು 6. ನಿದ್ದೆ ಊಟ ಸರಿಯಾಗಿದೆ, ಸಾಯೋ ಯೋಚನೆ ಇಲ್ಲ. ಸುಮ್ನೆ ಸ್ಕೂಲಲ್ಲಿ ಏನು ಮಾಡ್ತೀರಿ ಅಂತ ಕೇಳಿದೆ ನೋಡಿ, ಹತ್ತು ನಿಮಿಷ ನಿಲ್ಲಿಸ್ಲೇ ಇಲ್ಲ. ಶರ್ಟಿನ ಗುಂಡಿ ಹಾಕೋದನ್ನ ಕೊನೆಯಿಂದ ಕಲಿಸ್ತಾರಂತೆ, ಮುಕ್ಕಾಲು ಕೆಲಸ ಟೀಚರ್ ಮಾಡಿ, ತೂತಿಂದ ಇಣುಕೋ ಗುಂಡೀನ ಎಳೆಯೋದು ಮಾತ್ರ ಮಗೂಗೆ ಬಿಡ್ತಾರೆ, ಆಮೇಲೆ ಒಂದೊಂದೇ ಹಂತ ಹಿಂದಕ್ಕೆ ಬರೋದು, ಹಾಗಾಗಿ ಪ್ರತಿ ಸಲಾನೂ ಮಗು ಗೆದ್ದ ಹಾಗೇ ಮುಗಿಯುತ್ತೆ. ಇದನ್ನ ಹೇಳುವಾಗ ಅವರ ಮುಖ ಬೇರೇನೇ ಇತ್ತು.

ಎರಡು ವಾರ ಒಂದು ನೋಟ್‌ಬುಕ್ ಇಡಿ ಅಂದೆ. ರಾತ್ರಿ ಮಲಗೋ ಮುಂಚೆ ಎರಡು ನಂಬರ್ ಬರೀಬೇಕು, ಇವತ್ತು ಖುಷಿ ಹತ್ತಕ್ಕೆ ಎಷ್ಟು, ಇವತ್ತು ಮಾಡಿದ್ದು ಸಾರ್ಥಕ ಅನ್ಸಿದ್ದು ಹತ್ತಕ್ಕೆ ಎಷ್ಟು.

ಸ್ಕೂಲಿದ್ದ ದಿನ ಖುಷಿ 3, ಸಾರ್ಥಕ 8. ಭಾನುವಾರ ಖುಷಿ 7, ಸಾರ್ಥಕ 2, ಪೂರ್ತಿ ಸೀರೀಸ್ ನೋಡಿದ್ರಂತೆ. ಒಂದು ಮಂಗಳವಾರ ಮಾತ್ರ ಎರಡೂ 2. ಕೇಳಿದ್ರೆ ಅವತ್ತು ಮಕ್ಕಳ ಜೊತೆ ಇದ್ದಿದ್ದೇ ಒಂದು ಗಂಟೆ, ಉಳಿದದ್ದೆಲ್ಲ ರಿಪೋರ್ಟ್ ಬರೆಯೋದು, ಮೇಲಿಂದ ಬೈಯಪ್ಪನಹಳ್ಳಿಯಲ್ಲಿ ಮೆಟ್ರೋ ಇಳಿದು ಮಳೇಲಿ ಮುಕ್ಕಾಲು ಗಂಟೆ ಆಟೋಗೆ ಕಾದಿದ್ದು.

ಇಲ್ಲಿ ಅವರಿಗೆ ಒಂದು ಸಂಗತಿ ಹೇಳಿದೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಜೊತೆಯವರು ಟೆಕ್ಸಸ್‌ನಲ್ಲಿ ಕೆಲಸಕ್ಕೆ ಹೋಗೋ 909 ಹೆಂಗಸರ ಹತ್ರ ಹಿಂದಿನ ದಿನಾನ ತುಣುಕು ತುಣುಕಾಗಿ ಬಿಡಿಸಿ ಬರೆಸಿದ್ರು, ಯಾವುದು ಮಾಡುವಾಗ ಮನಸ್ಸು ಹೇಗಿತ್ತು ಅಂತ. ಮಕ್ಕಳನ್ನ ನೋಡ್ಕೊಳ್ಳೋದು ಟಿವಿ ನೋಡೋದಕ್ಕಿಂತ, ಅಡುಗೆಗಿಂತ ಕೆಳಗೆ ಬಂತು. (ಎಲ್ಲದಕ್ಕಿಂತ ಕೆಳಗಿದ್ದಿದ್ದು ಕೆಲಸಕ್ಕೆ ಓಡಾಡೋದು, ಇದನ್ನ ಬೆಂಗಳೂರಿನವರಿಗೆ ಯಾವ ವಿಜ್ಞಾನಿ ಬಂದು ಹೇಳ್ಬೇಕಾಗಿಲ್ಲ.) ಹಾಗಂತ ಯಾವ ತಾಯೀನೂ ಮಕ್ಕಳನ್ನ ಹೆತ್ತಿದ್ದೇ ತಪ್ಪು ಅಂತ ಲೆಕ್ಕ ಹಾಕಲ್ಲ ತಾನೇ? ಆ ಹೊತ್ತಿನ ಖುಷಿ ಒಂದು ಖಾತೆ, ಸಾರ್ಥಕ ಅನ್ನೋದು ಇನ್ನೊಂದು ಖಾತೆ, ನೀವು ಒಂದರ ಪಾಸ್‌ಬುಕ್ ನೋಡಿ ಇನ್ನೊಂದನ್ನ ಕ್ಲೋಸ್ ಮಾಡೋಕೆ ಹೊರಟಿದೀರಿ ಅಂದೆ.

ಸ್ವಲ್ಪ ಹೊತ್ತು ಸುಮ್ನಿದ್ದು ಆಮೇಲೆ ನಿಜವಾದ ಮಾತು ಬಂತು. ಹಳೇ ಆಫೀಸಿನ ನಾಲ್ಕು ಜನ ಗೆಳತಿಯರ ಜೊತೆ ಎರಡು ವರ್ಷದಿಂದ ಊಟಕ್ಕೇ ಹೋಗಿಲ್ಲ. ಬಿಲ್ ಹಂಚ್ಕೊಳ್ಳೋಕೆ ಮುಜುಗರ ಒಂದು ಕಡೆ, ಇನ್ನೊಂದು ಕಡೆ "ಆ ಮಕ್ಕಳ ಅಪ್ಪ ಅಮ್ಮ ಪಡೋ ಪಾಡು ನೋಡಿ, ನಾನು ಹೋಟೆಲಲ್ಲಿ ಕೂತು ನಗ್ತಾ ಇರೋದು ಸರಿ ಅನ್ಸಲ್ಲ ಮೇಡಂ." ಮನೇಲಿ ಸುಸ್ತು ಅಂದ್ರೆ ಅತ್ತೆ, "ನೀನಾಗೇ ಬೇಕು ಅಂತ ಹೋಗಿದ್ದಲ್ವೇನಮ್ಮ?" ಹೊರಗಡೆ ಎಲ್ರೂ, "ಪುಣ್ಯದ ಕೆಲಸ ಬಿಡಿ." ನನಗೆ ಈ ಪುಣ್ಯದ ಕೆಲಸ ಅನ್ನೋ ಮಾತಿನ ಮೇಲೆ ಸಿಟ್ಟಿದೆ, ಅಷ್ಟು ಅಂದ್ಮೇಲೆ ಮನುಷ್ಯ ಕಾಲು ನೋವು ಅಂತಾನೂ ಬಾಯ್ಬಿಡೋ ಹಾಗಿಲ್ಲ.

ನಾನು ಹೇಳಿದ್ದು ಇಷ್ಟೇ. ಮಾರ್ಚ್ ತನಕ ಬಿಡೋ ಮಾತು ಬೇಡ, ಬಿಡ್ಲೇಬಾರದು ಅಂತಾನೂ ಅಲ್ಲ, ನಿರ್ಧಾರಾನ ಮುಂದಕ್ಕೆ ಹಾಕಿ. ರಿಪೋರ್ಟೆಲ್ಲ ಒಂದೇ ದಿನ ಗುಡ್ಡೆ ಹಾಕ್ಕೊಳ್ಳದೆ ದಿನಕ್ಕೆ ಅರ್ಧ ಗಂಟೆ ಬರೀತೀನಿ ಅಂತ ಪ್ರಿನ್ಸಿಪಾಲರನ್ನ ಕೇಳಿ ನೋಡಿ. ಗೆಳತಿಯರಿಗೆ, ನನ್ನ ಬಜೆಟ್ ಈಗ ದರ್ಶಿನಿ ಅಷ್ಟೇ ಕಣ್ರೇ ಅಂತ ನೇರವಾಗಿ ಹೇಳ್ಬಿಡಿ, ಬರೋರು ಬರ್ತಾರೆ. ಮತ್ತೆ ಗಂಡನ ಹತ್ರ ದಿನಾ ಹತ್ತು ನಿಮಿಷ ಬರೀ ಸುಸ್ತಿನ ಬಗ್ಗೆ ಮಾತಾಡೋದು, ಅವರು ಪರಿಹಾರ ಹೇಳೋ ಹಾಗಿಲ್ಲ, ಹ್ಞೂಂ ಅಂತ ಕೇಳ್ಕೋಬೇಕು ಅಷ್ಟೇ. ಪ್ರಿನ್ಸಿಪಾಲ್ ಒಪ್ಪಿಲ್ಲ ಅನ್ನೋದನ್ನೂ ಹೇಳ್ಬೇಕು. ಗಂಡ ಮೊದಲ ವಾರವೇ ಪರಿಹಾರ ಹೇಳೋಕೆ ಶುರು ಮಾಡಿದ್ರಂತೆ.

ಆರು ವಾರ ಆದ್ಮೇಲೆ ನೋಟ್‌ಬುಕ್ ತಂದು ತೋರಿಸಿದ್ರು. ಖುಷಿ ನಾಲ್ಕೋ ಐದೋ ಆಗಿದೆ, ದೊಡ್ಡ ಜಿಗಿತ ಏನಿಲ್ಲ. ಒಂದು ಶುಕ್ರವಾರ ಖುಷಿ 3, ಸಾರ್ಥಕ 10 ಇತ್ತು, ಏನಿದು ಅಂದೆ. ಒಬ್ಬ ಹುಡುಗ ನಾಲ್ಕು ತಿಂಗಳಾದ್ಮೇಲೆ ಐದೂ ಗುಂಡಿ ತಾನೇ ಹಾಕ್ಕೊಂಡ, ಹಾಕ್ಕೊಂಡು ಇವರ ಕೈ ಕಚ್ಚಿದ. "ನೋವಾಯ್ತು, ಅದಕ್ಕೇ ಮೂರು" ಅಂತ ನಕ್ರು.

ಕೆಲಸದ ನಿರ್ಧಾರ ಇನ್ನೂ ಆಗಿಲ್ಲ. ಮುಂದಿನ ಅಪಾಯಿಂಟ್‌ಮೆಂಟ್ ಕಾರ್ತಿಕದ ಕೊನೇ ಸೋಮವಾರಕ್ಕೆ ಬಿದ್ದಿತ್ತು, ಗೆಳತಿಯರ ಜೊತೆ ಬಸವನಗುಡಿ ಕಡ್ಲೆಕಾಯಿ ಪರಿಷೆಗೆ ಹೋಗ್ಬೇಕು ಅಂತ ಬುಧವಾರಕ್ಕೆ ಹಾಕಿಸ್ಕೊಂಡ್ರು.