ಆ ಮಧ್ಯಾಹ್ನದ ಬಗ್ಗೆ ತಮ್ಮನನ್ನು ಕೇಳಿ

ಪ್ರಶ್ನೆ: ನಾನು ಕುಂಬಳೆ ಹತ್ತಿರದವನು. ವಯಸ್ಸು 41. ಅಡಿಕೆ ತೋಟ ನೋಡಿಕೊಳ್ಳುತ್ತೇನೆ. ತಮ್ಮ ಬೆಂಗಳೂರಿನಲ್ಲಿ ಇಂಜಿನಿಯರ್. ಅವನಿಗೆ ದೇವರಲ್ಲಿ ನಂಬಿಕೆ ಇಲ್ಲ. ಮೊದಲೆಲ್ಲ ಅದು ಜಗಳದ ವಿಷಯ ಆಗಿರಲಿಲ್ಲ. ಹೋದ ವರ್ಷದಿಂದ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಇದೇ. ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಬಬಿಯಾ ಮೊಸಳೆಯ ಹಳೇ ಫೋಟೋ ಹಾಕಿ, ನೈವೇದ್ಯ ಬಿಟ್ಟು ಬೇರೇನೂ ಮುಟ್ಟದ ಜೀವ ಎಂದು ಬರೆದೆ. ಅವನು ಮೊಸಳೆಯ ಆಹಾರದ ಬಗ್ಗೆ ಐದು ಲಿಂಕ್ ಕಳಿಸಿದ. ಮೂರು ವಾರ ಅದೇ ನಡೆಯಿತು. ಹೋದ ವರ್ಷ ಅಪ್ಪ ಮಂಗಳೂರಿನ ಆಸ್ಪತ್ರೆಯಲ್ಲಿದ್ದಾಗ, ತಮ್ಮನನ್ನು ಅಲ್ಲಿ ಬಿಟ್ಟು, ನಾನು ಮಧೂರಿನ ಗಣಪತಿ ದೇವಸ್ಥಾನಕ್ಕೆ ಹರಕೆ ಹೇಳಲು ಹೋಗಿದ್ದೆ. ವಾಪಸ್ ಬರುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಬರುವ ತಿಂಗಳು ಅಪ್ಪನ ವರ್ಷಾಂತದ ಕ್ರಿಯೆ. ತಮ್ಮ ಬರುವುದಿಲ್ಲ ಅನ್ನುತ್ತಾನೆ. ಅವನನ್ನು ಹೇಗೆ ಒಪ್ಪಿಸಲಿ? ಗ್ರೂಪ್ ಬಿಟ್ಟುಬಿಡಲಾ? ನಂಬದವರಿಗೆ ನಂಬುವವರನ್ನು ಬದಲಿಸುವ ಹಟ ಯಾಕೆ?

ಉತ್ತರ: ನಿಮ್ಮ ಪತ್ರ ನಾಲ್ಕು ಪುಟ ಇತ್ತು. ಇಲ್ಲಿ ಚಿಕ್ಕದು ಮಾಡಿ ಹಾಕಿದ್ದೇವೆ. ಅದರಲ್ಲಿ ಮೂರು ಪುಟ ಮೊಸಳೆಯದೇ ಸುದ್ದಿ. ಅಪ್ಪ ತೀರಿಕೊಂಡದ್ದಕ್ಕೆ ಸಿಕ್ಕಿದ್ದು ಎರಡು ಸಾಲು. ನಾನು ಆ ಎರಡು ಸಾಲುಗಳನ್ನು ಮತ್ತೆ ಮತ್ತೆ ಓದಿದೆ.

ಮೊಸಳೆಯ ವಿಷಯ ಮೊದಲು ಮುಗಿಸೋಣ. ಸಿಹಿನೀರಿನ ಮೊಸಳೆ ಹುಟ್ಟಿನಿಂದಲೇ ಮೀನು, ಮಾಂಸ ತಿನ್ನುವ ಪ್ರಾಣಿ. ಅಷ್ಟರಮಟ್ಟಿಗೆ ನಿಮ್ಮ ತಮ್ಮ ಹೇಳಿದ್ದು ಸರಿ. ದೇವಸ್ಥಾನದವರು ವರ್ಷಗಟ್ಟಲೆ ಅದಕ್ಕೆ ನೈವೇದ್ಯದ ಅನ್ನ ಕೊಟ್ಟದ್ದೂ ನಿಜ. 2022ರ ಅಕ್ಟೋಬರಿನಲ್ಲಿ ಬಬಿಯಾ ಸತ್ತಾಗ ಜನ ಸಾಲುಗಟ್ಟಿ ಬಂದರು. ಚಿಕ್ಕಂದಿನಿಂದ ನೋಡಿದ ಜೀವ ಹೋಯಿತಲ್ಲ ಎಂಬ ಸಂಕಟ ಅವರದು. ಆ ಸಂಕಟಕ್ಕೆ ಐದು ಲಿಂಕ್ ಉತ್ತರ ಆಗುವುದಿಲ್ಲ. ಅದು ತಮ್ಮನಿಗೆ ನಾನು ಹೇಳಬೇಕಾದ ಮಾತು. ಆದರೆ ಪತ್ರ ಬರೆದವರು ನೀವು.

ಬದಲಿಸುವ ಹಟ ಅವನಿಗೆ ಯಾಕೆ ಎಂದು ಕೇಳಿದ್ದೀರಿ. ಅದಕ್ಕೂ ಮೊದಲು 'ಅವನನ್ನು ಹೇಗೆ ಒಪ್ಪಿಸಲಿ' ಎಂದು ಕೇಳಿದವರೂ ನೀವೇ ಅಲ್ವಾ? ನಂಬುವವರಿಗೆ, ತನ್ನವನು ಕಷ್ಟಕಾಲದಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲದೆ ನಿಂತುಬಿಡುತ್ತಾನೆ ಎಂಬ ಭಯ. ನಂಬದವರಿಗೆ, ತನ್ನವನು ಮೋಸ ಹೋಗುತ್ತಾನೆ, ಔಷಧ ಬೇಕಾದಲ್ಲಿ ಹರಕೆ ಹೊತ್ತು ಕೂರುತ್ತಾನೆ ಎಂಬ ಭಯ. ಎರಡೂ ಪ್ರೀತಿಯಿಂದ ಹುಟ್ಟಿದ ಭಯಗಳೇ. ಮೊಬೈಲಿನಲ್ಲಿ ಟೈಪ್ ಮಾಡುವಾಗ ಪ್ರೀತಿ ಕಾಣುವುದಿಲ್ಲ. ಹಟ ಮಾತ್ರ ಕಾಣುತ್ತದೆ.

ಇನ್ನೊಂದು ಕಾರಣವೂ ಇದೆ. ಬೇಜಾರು ಮಾಡಿಕೊಳ್ಳಬೇಡಿ. ಡೇವಿಡ್ ಗಾಲ್, ಡೆರೆಕ್ ರಕರ್ ಎಂಬ ಇಬ್ಬರು ಸಂಶೋಧಕರು 2010ರಲ್ಲಿ ಕೆಲವು ಪ್ರಯೋಗಗಳನ್ನು ಪ್ರಕಟಿಸಿದರು. ಕೆಲವರ ಆತ್ಮವಿಶ್ವಾಸವನ್ನು ಸ್ವಲ್ಪ ಅಲುಗಾಡಿಸಿ, ಆಮೇಲೆ ತಮ್ಮ ನಿಲುವಿನ ಪರವಾಗಿ ಬರೆಯಲು ಹೇಳಿದರು. ಅಲುಗಾಡಿದವರೇ ಬೇರೆಯವರನ್ನು ಒಪ್ಪಿಸಲು ಹೆಚ್ಚು ಶ್ರಮಪಟ್ಟರು. ನಿಮ್ಮಿಬ್ಬರಲ್ಲೂ ಹೋದ ವರ್ಷ ಏನೋ ಅಲುಗಾಡಿದೆ. ಇಲ್ಲದಿದ್ದರೆ ಇಷ್ಟು ವರ್ಷ ಇಲ್ಲದ ಜಗಳ ಈಗ ಯಾಕೆ ಬರಬೇಕು?

ನೀವು ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು. ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ತಾಳಮದ್ದಳೆ, ನಿಮಗೆ ಹೊಸತಲ್ಲ. ವಾಲಿ ಬಾಣ ತಿಂದು ಬಿದ್ದಲ್ಲಿಂದಲೇ ರಾಮನನ್ನು ಕೇಳುತ್ತಾನೆ, ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ ಎಂದು. ಪಾತ್ರದ ಮಾತು, ಅಂದರೆ ಅರ್ಥ, ಹೇಳುವ ಆ ಇಬ್ಬರು ಅರ್ಥಧಾರಿಗಳು ಮಾತಾಡುವುದು ಒಬ್ಬರಿಗೊಬ್ಬರು ಎಂದು ಕಂಡರೂ ಒಪ್ಪಿಸಬೇಕಾದದ್ದು ಎದುರು ಕೂತ ಸಭೆಯನ್ನು. ನಿಮ್ಮ ಗ್ರೂಪೂ ಹಾಗೇ ಆಗಿದೆ. ಚಿಕ್ಕಪ್ಪನ ಮಕ್ಕಳು ಹೆಬ್ಬೆರಳು ಎತ್ತಿದ ಚಿತ್ರ ಹಾಕುತ್ತಾರೆ ಎಂದು ಬರೆದಿದ್ದೀರಿ. ಸಭೆ ನೋಡುತ್ತಿರುವಾಗ ಯಾರೂ ಸೋಲುವುದಿಲ್ಲ. ಆದರೆ ತಾಳಮದ್ದಳೆಗೆ ಮಂಗಳ ಹಾಡುವ ಹೊತ್ತು ಅಂತ ಒಂದಿದೆ. ಆಮೇಲೆ ರಾಮನೂ ವಾಲಿಯೂ ಒಂದೇ ಪಂಕ್ತಿಯಲ್ಲಿ ಕೂತು ಸಜ್ಜಿಗೆ ತಿಂದು ಕಾಫಿ ಕುಡಿಯುತ್ತಾರೆ. ಇವತ್ತಿನ ವಾಲಿ ನಾಳೆ ಇನ್ನೊಂದು ಕೂಟದಲ್ಲಿ ರಾಮನ ಅರ್ಥ ಹೇಳುತ್ತಾನೆ. ನಿಮ್ಮ ಗ್ರೂಪಿನಲ್ಲಿ ಮಂಗಳವೂ ಇಲ್ಲ, ಪಾತ್ರ ಬದಲಾಗುವುದೂ ಇಲ್ಲ.

ಹಾಗಾಗಿ ಒಮ್ಮೆ ನೀವು ತಮ್ಮನ ಅರ್ಥ ಹೇಳಿ ನೋಡಿ. ಮೊಸಳೆಯದ್ದು ಬೇಡ. ಆ ಮಧ್ಯಾಹ್ನದ್ದು. ನೀವು ಮಧೂರಿನ ದಾರಿಯಲ್ಲಿದ್ದಿರಿ. ಅವನು ಐಸಿಯು ಬಾಗಿಲ ಹೊರಗೆ ಒಬ್ಬನೇ ಇದ್ದ. ಡಾಕ್ಟರು ಹೊರಗೆ ಬಂದು ಹೇಳಿದ್ದು ಅವನಿಗೆ. ಅಮ್ಮನಿಗೆ ಫೋನ್ ಮಾಡಿದವನೂ ಅವನೇ ಇರಬೇಕು. ಅವನ ಲೆಕ್ಕದಲ್ಲಿ ದೇವರು ಅಪ್ಪನನ್ನು ಉಳಿಸಲಿಲ್ಲ, ಅಣ್ಣನನ್ನೂ ಪಕ್ಕದಲ್ಲಿ ಇರಲು ಬಿಡಲಿಲ್ಲ. ಇದು ನನ್ನ ಊಹೆ. ತಪ್ಪಿರಬಹುದು. ಆದರೆ ನಿಮ್ಮ ಫಾರ್ವರ್ಡ್‌ಗಳಿಗೆ ಅವನು ಕೊಡುವ ಉತ್ತರದಲ್ಲಿ ಅಷ್ಟೊಂದು ಸಿಟ್ಟು ಎಲ್ಲಿಂದ ಬಂತು ಎಂದು ನೋಡಿದರೆ ನನಗೆ ಆ ಬಾಗಿಲೇ ಕಾಣುತ್ತದೆ.

ನಿಮ್ಮ ಕಡೆಯೂ ನೋವು ಚಿಕ್ಕದಲ್ಲ. ಕೊನೇ ಗಳಿಗೆಯಲ್ಲಿ ಇರಲಿಲ್ಲ ಎಂಬ ಕೊರಗಿಗೆ, ದೇವರ ಹತ್ತಿರ ಹೋಗಿದ್ದೆ ಎಂಬುದೊಂದೇ ನಿಮಗೆ ಉಳಿದ ಸಮಾಧಾನ. ತಮ್ಮ 'ದೇವರಿಲ್ಲ' ಎಂದಾಗಲೆಲ್ಲ ಅದೂ ಕೈತಪ್ಪಿದಂತಾಗುತ್ತದೆ. ನೀವು ಹೋದದ್ದು ಅಪ್ಪನಿಗಾಗಿ. ಅವನು ಅಲ್ಲೇ ಕೂತದ್ದೂ ಅಪ್ಪನಿಗಾಗಿ. ಇದನ್ನು ನೀವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡೇ ಇಲ್ಲ ಎಂದು ನನಗೆ ಅನಿಸುತ್ತದೆ.

ಇನ್ನು ವರ್ಷಾಂತ. ಅವನಿಗೆ ನಂಬಿಕೆ ಇಲ್ಲದ ಕ್ರಿಯೆಗೆ ಅವನನ್ನು ಕೂರಿಸುವ ಹಟ ಬಿಡಿ. ಕರ್ಮಕ್ಕೆ ಕೂರುವವರು ಹಿರಿಯ ಮಗನಾದ ನೀವು. ಆಂಧ್ರದ ಗೋರಾ ಪಕ್ಕಾ ನಾಸ್ತಿಕರು. 1944ರಲ್ಲಿ ಸೇವಾಗ್ರಾಮಕ್ಕೆ ಹೋಗಿ ಗಾಂಧೀಜಿಯ ಎದುರೇ ತಮ್ಮ ನಿಲುವು ಹೇಳಿದವರು. ಒಬ್ಬರು ಇನ್ನೊಬ್ಬರನ್ನು ಬದಲಿಸಲಿಲ್ಲ. ಆದರೂ ಗೋರಾ ಮಗಳ ಅಂತರ್ಜಾತಿ ಮದುವೆ ಸೇವಾಗ್ರಾಮದಲ್ಲಿ ತಮ್ಮ ಎದುರೇ ಆಗಬೇಕು ಎಂದು ಗಾಂಧೀಜಿಗೆ ಇತ್ತು. ಅಷ್ಟರಲ್ಲಿ ಅವರ ಹತ್ಯೆಯಾಯಿತು. 1948ರಲ್ಲಿ ಮದುವೆ ಅದೇ ಆಶ್ರಮದಲ್ಲಿ ನಡೆಯಿತು. ದೇವರ ಬಗ್ಗೆ ಒಪ್ಪದ ಇಬ್ಬರಿಗೆ ಒಟ್ಟಿಗೆ ಮಾಡುವ ಕೆಲಸ ಬೇಕಾದಷ್ಟಿತ್ತು. ನಿಮ್ಮ ಮನೆಯಲ್ಲೂ ಇದೆ. ಅಪ್ಪ ನೆಟ್ಟ ಅಡಿಕೆ ಮರಗಳನ್ನು ಅವನು ನೋಡಿ ವರ್ಷವಾಯಿತು. ಊಟಕ್ಕೆ ಬಂದವರಿಗೆ ಬಡಿಸಲು ಒಂದು ಕೈ ಬೇಕು. ಅಮ್ಮನ ಪಕ್ಕದಲ್ಲಿ ಕೂರಲು ಒಬ್ಬ ಮಗ ಬೇಕು.

ಅಮ್ಮನೂ ಆ ಗ್ರೂಪಿನಲ್ಲಿದ್ದಾರೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಮೂರು ವಾರವೂ ಅವರು ಎಲ್ಲವನ್ನೂ ಓದಿರುತ್ತಾರೆ.

ಗ್ರೂಪ್ ಬಿಡಬೇಡಿ. ಬಿಟ್ಟರೆ ಅದೂ ಒಂದು ವಾದದ ಹಾಗೆ ಕಾಣುತ್ತದೆ. ಅಲ್ಲಿ ದೇವರ ವಿಷಯ ಸದ್ಯಕ್ಕೆ ಸುಮ್ನೆ ನಿಲ್ಲಿಸಿ. ಇವತ್ತು ರಾತ್ರಿ ಅವನಿಗೆ ಫೋನ್ ಮಾಡಿ. ವರ್ಷಾಂತಕ್ಕೆ ಬರುತ್ತೀಯಾ ಎಂದು ಮೊದಲು ಕೇಳಬೇಡಿ. ಆ ಮಧ್ಯಾಹ್ನ ಡಾಕ್ಟರು ಏನು ಹೇಳಿದರು, ಅಪ್ಪ ಕೊನೆಗೆ ಏನಾದರೂ ಮಾತಾಡಿದರಾ ಎಂದು ಕೇಳಿ. ಅವನು ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕಬೇಡಿ.